ಕೂತ್ಕೋ, ಆಮೇಲೆ ಬಿಲ್ಲು

ಗುಜರಿ ಅಂಗಡಿಗೆ ಬರುವ ಸಾಮಾನಿಗೆ ಹೆಸರಿರುವುದಿಲ್ಲ. ಕಬ್ಬಿಣ, ತಗಡು, ಪ್ಲಾಸ್ಟಿಕ್ಕು, ಅಷ್ಟೇ. ಇದು ಯಾರ ಮನೆ ಕಪಾಟು, ಅದು ಯಾರ ಮಗುವಿನ ಸೈಕಲ್ಲು ಅಂತ ವಿಚಾರಿಸುತ್ತ ಕೂತರೆ ಒಂದು ಲೋಡೂ ಇಳಿಯುವುದಿಲ್ಲ. "ಮುಖ ನೋಡ್ಬೇಡ, ತೂಕ ನೋಡು" ಎಂದು ಯಜಮಾನ ಮೊದಲ ದಿನವೇ ಹೇಳಿಕೊಟ್ಟಿದ್ದ. ಪಟಾಕಿ ಅದನ್ನು ಚೆನ್ನಾಗಿಯೇ ಕಲಿತಿದ್ದ. ಆವತ್ತು ಅದೇ ಅವನಿಗೆ ಮುಳುವಾಯಿತು.

ಪಟಾಕಿ ಅನ್ನುವುದು ಬೀದಿಯವರು ಇಟ್ಟ ಹೆಸರು. ಬೇರೆಯವರಿಗೆ ಕೋಪ ಮೂಗಿನ ತುದಿಯಲ್ಲಿದ್ದರೆ ಇವನಿಗೆ ಮೂಗಿಗಿಂತ ಒಂದು ಗೇಣು ಮುಂದೆಯೇ ಇರುತ್ತಿತ್ತು. ಮೇಷ್ಟ್ರು ತನ್ನ ಮೇಲೆ ಎಸೆದ ಡಸ್ಟರನ್ನು ಅಷ್ಟೇ ಗುರಿಯಿಟ್ಟು ವಾಪಸ್ ಎಸೆದ ದಿನ ಅವನ ಓದು ಮುಗಿದಿತ್ತು. ಆಮೇಲೆ ಗುಜರಿ. ಗ್ಯಾಸ್ ಕಟ್ಟರ್ ಕೈಗೆ ಸಿಕ್ಕರೆ ಕಬ್ಬಿಣದ ಬೀರುವನ್ನೂ ಬೆಣ್ಣೆಯ ಹಾಗೆ ಸೀಳುತ್ತಿದ್ದ.

ಆವತ್ತು ಬಂದದ್ದು ದೊಡ್ಡಂಗಡಿಯ ಲಾರಿ. ದೊಡ್ಡಂಗಡಿ ಅಂದರೆ ಬಸ್ ನಿಲ್ದಾಣದ ಎದುರು ಗಾಜಿನ ಗೋಡೆ ಹಾಕಿಕೊಂಡು ನಿಂತಿದೆಯಲ್ಲ, ಅದು. ಯಾವ ಊರಿಗೆ ಹೋದರೂ ಅದೇ ಬೋರ್ಡು, ಅದೇ ಬಣ್ಣ, ಒಳಗೆ ಅದೇ ನಿದ್ದೆಗಣ್ಣಿನ ಸಂಗೀತ. ಅಲ್ಲಿಂದ ಯಾವಾಗಲೂ ಬರುತ್ತಿದ್ದದ್ದು ಮುರಿದ ಟ್ರಾಲಿ, ಸೊಟ್ಟಗಾದ ರ‍್ಯಾಕು. ಈ ಸಲ ಸ್ಟೂಲುಗಳು ಬಂದಿದ್ದವು. ಕಬ್ಬಿಣದ ಕಾಲು, ದುಂಡನೆಯ ಸ್ಪಂಜಿನ ಸೀಟು. ಒಂದರ ಕಾಲೂ ಅಲುಗಾಡುತ್ತಿರಲಿಲ್ಲ.

"ಗಟ್ಟಿಯಾಗೇ ಇದ್ಯಲ್ಲ, ಯಾಕೆ ಎಸೀತಿದ್ದಾರೆ?"

"ನಂಗೇನ್ ಗೊತ್ತು? ಹಾಕು ಅಂದ್ರು, ಹಾಕ್ಕೊಂಡ್ ಬಂದೆ" ಎಂದ ಡ್ರೈವರ್.

ಪಟಾಕಿ ಮುಖ ನೋಡಲಿಲ್ಲ. ಕಟ್ಟರ್ ಹಚ್ಚಿದ. ಸ್ಪಂಜು ಕಿತ್ತು ಒಂದು ಕಡೆ, ಕಾಲು ಕತ್ತರಿಸಿ ಇನ್ನೊಂದು ಕಡೆ. ಸಿಳ್ಳೆ ಹಾಕುತ್ತಲೇ ರಾಶಿ ಕರಗಿಸಿದ. ಕೊನೆಗೆ ಒಂದೇ ಒಂದು ಉಳಿಯಿತು. ಅದರ ಸೀಟಿಗೆ ಬಟ್ಟೆಯ ಗವಸಿತ್ತು. ನೀಲಿ ಚೌಕಳಿ. ಅಲ್ಲಲ್ಲಿ ಕಿಡಿ ಬಿದ್ದು ಸುಟ್ಟ ಸಣ್ಣ ಸಣ್ಣ ತೂತು.

ಅದು ಅವನದೇ ಅಂಗಿ.

ಕಿಡಿ ಬಿದ್ದು ಬಿದ್ದು ಜರಡಿಯಾಗಿದ್ದ ಆ ಅಂಗಿಯನ್ನು ಎಸೆಯಲು ಹೊರಟಾಗ ಅಕ್ಕ ಕಿತ್ತುಕೊಂಡಿದ್ದಳು. "ಎಸೀಬೇಡ ಕಣೋ, ನನ್ನ ಸ್ಟೂಲಿಗೆ ಗವಸು ಹೊಲ್ಕೋತೀನಿ. ದಿನಾ ನಿನ್ನ ತಲೆ ಮೇಲೆ ಕೂತ ಹಾಗಿರುತ್ತೆ." ಅಕ್ಕ ದೊಡ್ಡಂಗಡಿಯಲ್ಲಿ ಬಿಲ್ ಹಾಕುತ್ತಾಳೆ. ಮನೆ ಬಾಡಿಗೆ, ಅಮ್ಮನ ಮಾತ್ರೆ ಎಲ್ಲ ಅವಳ ಸಂಬಳದಲ್ಲೇ. ಗುಜರಿಯ ಕೂಲಿ ಏನಿದ್ದರೂ ಬಂದಾಗ ಬಂತು.

ಪಟಾಕಿಯ ಕೈಯಲ್ಲಿ ಕಟ್ಟರಿನ ನೀಲಿ ಉರಿ ಸುಮ್ಮನೆ ಗಾಳಿಯನ್ನು ಸುಡುತ್ತಿತ್ತು. ಸುತ್ತ ಕತ್ತರಿಸಿ ಹಾಕಿದ ಕಾಲುಗಳು. ಅವೆಲ್ಲ ಒಬ್ಬೊಬ್ಬ ಹೆಂಗಸು ಕೂತಿದ್ದ ಜಾಗ. ಅವನೇ ಕತ್ತರಿಸಿದ್ದ, ಸಿಳ್ಳೆ ಹಾಕಿಕೊಂಡು.

*

ಸಂಜೆ ಅಕ್ಕ ಹೊಸ್ತಿಲ ಮೇಲೆ ಕೂತು ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡಿದ್ದಳು. ಕೆಲವು ವಾರಗಳಿಂದ ಇದೇ ನಡೆದಿತ್ತು. ಕೇಳಿದರೆ "ಏನೂ ಇಲ್ಲ, ಹವಾ ಸರಿಯಿಲ್ಲ" ಅನ್ನುತ್ತಿದ್ದಳು. ಪಟಾಕಿ ಬಂದವನೇ ಸ್ಟೂಲನ್ನು ಅವಳ ಮುಂದೆ ಕುಕ್ಕಿದ.

"ಇದೂ ಹವಾ ಸರಿಯಿಲ್ಲದೆ ಹಾರಿ ಬಂತಾ?"

ಅಕ್ಕ ಸ್ಟೂಲನ್ನು ನೋಡಿದಳು. ಒಂದು ಕ್ಷಣ ಕಳೆದುಹೋದ ಬೆಕ್ಕು ಮನೆಗೆ ಬಂದ ಹಾಗೆ ಅವಳ ಮುಖ ಅರಳಿತು. ಆಮೇಲೆ ಬಾಡಿತು.

"ಮೇಲಿನ ಆಫೀಸಿಂದ ಯಾರೋ ಬಂದಿದ್ರು. ಕೂತ್ಕೊಂಡು ಬಿಲ್ ಹಾಕೋರು ಸೋಮಾರಿಗಳ ಹಾಗೆ ಕಾಣ್ತಾರಂತೆ. ನಿಂತ್ಕೊಂಡು ನಗ್ತಾ ಇದ್ರೆ ಗಿರಾಕಿಗೆ ಮರ್ಯಾದೆ ಕೊಟ್ಟ ಹಾಗಂತೆ."

"ಯಾವ ಗಿರಾಕಿ ಕೇಳಿದ? ಅಮ್ಮ ಕೇಳಿದ್ಲಾ? ಅಮ್ಮನೂ ಅಲ್ಲೇ ತಾನೇ ಸೋಪು ತರೋದು?"

"ನನ್ನ ಹೆಸರು ಯಾಕೋ ತರ್ತೀಯ?" ಅಮ್ಮ ಒಳಗಿಂದಲೇ ಕೂಗಿದಳು. "ನಾನು ಅವಳಿಗೆ ನಿಂತ್ಕೋ ಅನ್ನಲಿಲ್ಲಪ್ಪ."

ಪಟಾಕಿ ಬಕೆಟ್ಟಿನೊಳಗೆ ನೋಡಿದ. ಅಕ್ಕನ ಕಣಕಾಲಿನ ನರಗಳು ಹಸಿರು ಹಗ್ಗದ ಹಾಗೆ ಗಂಟು ಗಂಟಾಗಿ ಎದ್ದಿದ್ದವು. ಪಾದ ಊದಿ ಬೆರಳುಗಳ ಸಂದು ಮುಚ್ಚಿಹೋಗಿತ್ತು. ಅವನ ಮೈಯೆಲ್ಲ ಉರಿದುಹೋಯಿತು.

"ಅವರ ಗಾಜಿಗೆ ಕಲ್ಲು ಹೊಡೆದು ಬರ್ತೀನಿ."

"ಹೊಡಿ. ನಾಳೆ ಆ ಗಾಜು ಗುಡಿಸೋದೂ ನನ್ನ ಕೈಲೇ ಮಾಡಿಸ್ತಾರೆ." ಅಕ್ಕ ಕಾಲು ಒರೆಸಿಕೊಂಡಳು. "ನೋಡು, ಇದರಲ್ಲಿ ನೀನು ತಲೆ ಹಾಕ್ಬೇಡ. ಗೊತ್ತಾಯ್ತಾ?"

ಅವನು ತಲೆ ಹಾಕಲಿಲ್ಲ. ಮೈಕೈ ಎಲ್ಲ ಹಾಕಿದ.

*

ಟೈಲರ್ ಅಂಗಡಿಯಲ್ಲಿ ದೊಡ್ಡಂಗಡಿಗೆ ಯಾರೂ ಹೋಗಬಾರದು ಅನ್ನುವವರ ಒಂದು ಕಮಿಟಿ ಆಗಲೇ ಇತ್ತು. ಅದರ ಮುಂದಾಳು ಅದೇ ಡಸ್ಟರ್ ಮೇಷ್ಟ್ರು. ಈಗ ನಿವೃತ್ತಿಯಾಗಿದ್ದರು. ಎಸೆಯಲು ಡಸ್ಟರಿಲ್ಲದೆ ಮಾತು ಎಸೆಯುತ್ತಿದ್ದರು. ದೊಡ್ಡಂಗಡಿ ಹೇಗೆ ಮೊದಲು ನಷ್ಟಕ್ಕೆ ಮಾರಿ ಅಕ್ಕಪಕ್ಕದ ಅಂಗಡಿಗಳ ಬಾಗಿಲು ಹಾಕಿಸುತ್ತದೆ, ಆಮೇಲೆ ಹೇಗೆ ರೇಟು ಏರಿಸುತ್ತದೆ, ಬೆಳೆ ಬೆಳೆದ ರೈತನ ಕತ್ತು ಹೇಗೆ ಹಿಸುಕುತ್ತದೆ ಎಂದು ಗಂಟೆಗಟ್ಟಲೆ ಹೇಳುತ್ತಿದ್ದರು. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಕೇಳುವವರು ಮಾತ್ರ ತಲೆಯಾಡಿಸಿ, ಎದ್ದು, ನೇರವಾಗಿ ದೊಡ್ಡಂಗಡಿಗೆ ಹೋಗಿ ಎಣ್ಣೆ ತರುತ್ತಿದ್ದರು.

ಪಟಾಕಿ ಸ್ಟೂಲು ಹೊತ್ತುಕೊಂಡು ಒಳಗೆ ಬಂದಾಗ ಮೇಷ್ಟ್ರು ಕನ್ನಡಕ ಏರಿಸಿದರು. "ಏನೋ ಇದು, ತಲೆ ಮೇಲೆ ಸಿಂಹಾಸನ?"

ಪಟಾಕಿ ನಡೆದದ್ದೆಲ್ಲ ಹೇಳಿದ. ಬೀದಿಯ ಅರ್ಧ ಮನೆಗಳ ಮಗಳೋ ಸೊಸೆಯೋ ಅಲ್ಲಿ ನಿಂತೇ ದುಡಿಯುತ್ತಿದ್ದಳು. ಟೈಲರ್ ಹೊಲಿಗೆ ನಿಲ್ಲಿಸಿದ. ಅವನ ನಾದಿನಿಯೂ ಅಲ್ಲೇ. "ಅದಕ್ಕೇ ಅವಳು ಬಂದವಳೇ ಗೋಡೆಗೆ ಕಾಲೆತ್ತಿ ಮಲಗ್ತಾಳೆ" ಎಂದ.

ಮೇಷ್ಟ್ರ ಕಣ್ಣು ಮಿನುಗಿತು. "ಬಹಿಷ್ಕಾರ ಅಂದ್ರೆ ಇದು ಕಣೋ. ಲೆಕ್ಕಾಚಾರ ಹೇಳಿದ್ರೆ ಜನ ಆಕಳಿಸ್ತಾರೆ. ಕಾಲು ತೋರಿಸಿದ್ರೆ ಏಳ್ತಾರೆ."

ಮರುದಿನದಿಂದ ಪಟಾಕಿ ಬೆಳಿಗ್ಗೆ ಗುಜರಿಗೆ ಹೋಗುವ ಮುಂಚೆ, ಸಂಜೆ ಬಂದ ಮೇಲೆ, ದೊಡ್ಡಂಗಡಿಯ ಗೇಟಿನ ಹೊರಗೆ ಆ ಸ್ಟೂಲಿನ ಮೇಲೆ ಹತ್ತಿ ನಿಂತ. ಗಂಟಲು ಅವನಿಗೆ ಮೈಕಿನ ಹಂಗಿಲ್ಲದ್ದು.

"ಅಮ್ಮಾ, ನಿಮ್ಮ ಮಗಳು ಒಳಗೆ ಒಂಟಿಕಾಲಲ್ಲಿ ನಿಂತಿದ್ದಾಳೆ, ನೀವು ಬಿಸ್ಕತ್ತು ಆರಿಸ್ತೀರಾ? ಅಣ್ಣಾ, ಒಂದು ತಗೊಂಡ್ರೆ ಒಂದು ಫ್ರೀ ಅಂತಲ್ಲ, ಆ ಫ್ರೀ ಎಲ್ಲಿಂದ ಬಂತು ಗೊತ್ತಾ? ಅವರ ಮೊಣಕಾಲಿಂದ ಬಂತು!"

ಮೊದಲು ಜನ ನಕ್ಕರು. ಆಮೇಲೆ ತಲೆ ತಗ್ಗಿಸಿ ಸರಸರ ಒಳಗೆ ಹೋದರು. ಆಮೇಲೆ ಒಬ್ಬೊಬ್ಬರೇ ವಾಪಸ್ ತಿರುಗಿದರು. ಮನೆಯಲ್ಲಿ ಅಮ್ಮನೂ ಮೂಲೆ ಅಂಗಡಿಗೆ ಹೋಗತೊಡಗಿದಳು, ಗೊಣಗುತ್ತಲೇ. "ಸೋಪು ಸಣ್ಣದು, ರೇಟು ದೊಡ್ಡದು. ನಿನ್ನ ಹೋರಾಟಕ್ಕೆ ನೊರೆನೇ ಬರಲ್ಲ ಕಣೋ."

ಮೂಲೆ ಅಂಗಡಿಯವನು ಪಟಾಕಿಯ ಬೆನ್ನು ತಟ್ಟಿದ. "ನೀನು ಗಂಡಸು ಕಣಯ್ಯ! ಹೀಗೇ ಮುಂದುವರಿಸು." ಅವನ ಹಿಂದೆ ಪೊಟ್ಟಣ ಕಟ್ಟುವ ಹೆಂಗಸು ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಾಯಿಸುತ್ತ ನಿಂತಿದ್ದಳು.

"ಇವರಿಗೆ ಸ್ಟೂಲಿಲ್ವಾ?" ಎಂದ ಪಟಾಕಿ.

"ನಮ್ಮದು ಸಣ್ಣ ಅಂಗಡಿ ಕಣಪ್ಪ, ಜಾಗ ಎಲ್ಲಿದೆ?" ಎಂದು ಅವನು ಹಲ್ಲು ಬಿಟ್ಟ. ತಾನು ಕೂತಿದ್ದ ಕುರ್ಚಿಯಿಂದ ಏಳದೆಯೇ.

ಪಟಾಕಿಗೆ ಅಲ್ಲೇ ಆ ಕುರ್ಚಿ ಎಳೆದು ಬೀಳಿಸಬೇಕು ಅನ್ನಿಸಿತು. ಆದರೆ ಆಗ ಅವನು ಗೆಲ್ಲುತ್ತಿದ್ದ. ಗೆಲ್ಲುವವನಿಗೆ ನುಂಗುವುದು ಸುಲಭ. ನುಂಗಿಕೊಂಡ.

ದೊಡ್ಡಂಗಡಿಯ ಮುಂದೆ ಗಾಡಿ ನಿಲ್ಲಿಸುವ ಜಾಗ ಖಾಲಿಯಾಯಿತು. ಅಲ್ಲಿ ಕಾಗೆಗಳು ಓಡಾಡತೊಡಗಿದವು. ಪಟಾಕಿ ಎದೆಯುಬ್ಬಿಸಿ ನಡೆದ.

*

ಒಂದು ಮಧ್ಯಾಹ್ನ ಕಟ್ಟರಿನ ಗ್ಯಾಸು ಮುಗಿದು ಯಜಮಾನ ಬೇಗ ಮನೆಗೆ ಕಳಿಸಿದ. ಬಂದು ನೋಡಿದರೆ ಅಕ್ಕ ಅಡುಗೆಮನೆಯಲ್ಲಿ ಅದೇ ನೀಲಿ ಚೌಕಳಿ ಸ್ಟೂಲಿನ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಮೈಮೇಲೆ ಇನ್ನೂ ದೊಡ್ಡಂಗಡಿಯ ಯೂನಿಫಾರ್ಮು.

"ಅರೆ, ರಜಾನಾ?"

"ಹೂಂ. ರಜಾ. ದಿನಾ ರಜಾ. ನೀನೇ ಕೊಡಿಸಿದ್ದು."

ಅವಳ ದನಿ ತಣ್ಣಗಿತ್ತು. ಅಕ್ಕ ಕಿರುಚಿದರೆ ಅವನಿಗೆ ಭಯವಿರಲಿಲ್ಲ. ತಣ್ಣಗೆ ಮಾತಾಡಿದರೆ ಮಾತ್ರ ಇತ್ತು.

"ಬಾಗಿಲ ಮೇಲೆ ಒಂದು ಕಣ್ಣಿದೆ" ಎಂದಳು. "ಮಶೀನು. ಒಳಗೆ ಎಷ್ಟು ಜನ ಬಂದ್ರು ಅಂತ ಅದು ಎಣಿಸುತ್ತೆ. ಜನ ಜಾಸ್ತಿ ಬಂದ್ರೆ ಮ್ಯಾನೇಜರ್ ಫೋನಿಗೆ ಹೇಳುತ್ತೆ, ಇನ್ನೊಂದು ಕೌಂಟರ್ ತೆಗಿ ಅಂತ. ಕಡಿಮೆ ಬಂದ್ರೆ ಮುಚ್ಚು ಅಂತ ಹೇಳುತ್ತೆ. ಮುಚ್ಚಿದ ಕೌಂಟರಿನವಳು ಮನೆಗೆ. ಮನೆಗೆ ಹೋದವಳಿಗೆ ಆ ಹೊತ್ತಿನ ಸಂಬಳ ಇಲ್ಲ. ನೀನು ಹೊರಗೆ ಸ್ಟೂಲ್ ಮೇಲೆ ನಿಂತು ಕೂಗ್ತಿದ್ಯಲ್ಲ, ಆಗೆಲ್ಲ ಒಳಗೆ ಆ ಕಣ್ಣು ನಮ್ಮನ್ನ ಒಬ್ಬೊಬ್ಬರನ್ನೇ ಆರಿಸಿ ಹೊರಗೆ ಹಾಕ್ತಿತ್ತು."

"ನಂಗೆ... ನಂಗೆ ಗೊತ್ತಿರಲಿಲ್ಲ."

"ಕೇಳಿದ್ಯಾ?"

ಪಟಾಕಿ ತಟ್ಟೆಯಿಂದ ಒಂದು ಬೆಳ್ಳುಳ್ಳಿ ಎಸಳು ಎತ್ತಿ ಮತ್ತೆ ಅಲ್ಲೇ ಇಟ್ಟ.

"ಕಾಲು ಯಾರದ್ದು? ನಂದು. ಕೆಲಸ ಯಾರದ್ದು? ನಂದು. ಊರೆಲ್ಲ ನನ್ನ ನರ ತೋರಿಸ್ಕೊಂಡು ಬಂದ್ಯಲ್ಲ, ನನ್ನನ್ನ ಒಂದು ಮಾತು ಕೇಳಿದ್ಯಾ? ಟೈಲರನ್ನ ಕೇಳ್ದೆ. ಮೇಷ್ಟ್ರನ್ನ ಕೇಳ್ದೆ. ಬಸ್ ಸ್ಟ್ಯಾಂಡಲ್ಲಿ ಕಡ್ಲೆಕಾಯಿ ಮಾರೋನನ್ನೂ ಕೇಳ್ದೆ. ನನ್ನನ್ನ?"

"ನಿನಗೋಸ್ಕರ ಅಲ್ವಾ ಮಾಡಿದ್ದು!"

"ಅದೇ ಕೋಪ ನಂಗೆ! ಅವರೂ ಗಿರಾಕಿಗೋಸ್ಕರ ಅಂತ ಸ್ಟೂಲ್ ಕಿತ್ಕೊಂಡ್ರು, ಗಿರಾಕಿನ ಕೇಳಲಿಲ್ಲ. ನೀನೂ ನನಗೋಸ್ಕರ ಅಂತ ಹೊಟ್ಟೆ ಮೇಲೆ ಹೊಡ್ದೆ, ನನ್ನನ್ನ ಕೇಳಲಿಲ್ಲ. ಅವರಿಗೂ ನಿನಗೂ ಏನೋ ವ್ಯತ್ಯಾಸ? ಅವರು ಟೈ ಕಟ್ತಾರೆ, ನಿನಗೆ ಕಟ್ಟೋಕೆ ಬರಲ್ಲ, ಅಷ್ಟೇ."

ಬಾಗಿಲಲ್ಲಿ ನಿಂತಿದ್ದ ಅಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಅಳುತ್ತಾಳೋ ನಗುತ್ತಾಳೋ ಗೊತ್ತಾಗಲಿಲ್ಲ.

ಪಟಾಕಿಗೆ ಕಪಾಳಕ್ಕೆ ಹೊಡೆದಂತಾಯಿತು. ಯಾರ ಮೇಲಾದರೂ ಹಾಯಬೇಕಿತ್ತು, ಹಾಯಲು ಯಾರೂ ಸಿಗಲಿಲ್ಲ. ಗೋಡೆಗೆ ಗುದ್ದಿದ. ಗೋಡೆಗೇನೂ ಆಗಲಿಲ್ಲ.

"ಸರಿ. ಏನ್ ಮಾಡ್ಲಿ ಹೇಳು" ಎಂದ, ಕೈ ಉಜ್ಜಿಕೊಳ್ಳುತ್ತ.

ಅಕ್ಕ ಬೆಳ್ಳುಳ್ಳಿಯ ತಟ್ಟೆ ಕೆಳಗಿಟ್ಟಳು. ಅವನು ಹುಟ್ಟಿದ ಮೇಲೆ ಮೊದಲ ಸಲ ಇಂಥ ಪ್ರಶ್ನೆ ಕೇಳಿದ್ದ.

"ಹೊರಗೆ ನಿಂತು ಕೂಗೋ ಬದಲು ಒಳಗೆ ಬಂದಿದ್ರೆ..." ಎಂದಳು ನಿಧಾನವಾಗಿ. "ಸಾಲಲ್ಲಿ ನಿಂತು, ನನ್ನ ಮುಂದೆ ಸಾಮಾನಿಟ್ಟು, ನೀನು ಕೂತ್ಕೋ ಆಮೇಲೆ ಬಿಲ್ಲು ಅಂತ ಒಬ್ಬರಾದ್ರೂ ಅಂದಿದ್ರೆ..."

ಹೇಳಿದವಳೇ ತನ್ನ ಮಾತನ್ನು ತಾನೇ ಕೇಳಿಸಿಕೊಂಡವಳ ಹಾಗೆ ತಲೆಯೆತ್ತಿದಳು.

*

ಟೈಲರ್ ಅಂಗಡಿಗೆ ಈ ಸಲ ಅಕ್ಕನೂ ಬಂದಳು. ಜೊತೆಗೆ ಪಕ್ಕದ ಕೌಂಟರಿನ ಹುಡುಗಿ. ಎರಡು ಜಡೆ ಹಾಕುತ್ತಿದ್ದಳು, ಎಲ್ಲರೂ ಎರಡ್ಜಡೆ ಅಂತಲೇ ಕರೆಯುತ್ತಿದ್ದರು. ಟೈಲರನ ನಾದಿನಿ ಅವಳೇ.

ಮೇಷ್ಟ್ರು ಎಲ್ಲ ಕೇಳಿ ತುಟಿ ಬಿಗಿದರು. "ಈಗ ಹಿಂದೆ ಸರಿದ್ರೆ ಅವರು ಗೆದ್ದ ಹಾಗೆ ಕಣಮ್ಮ. ಇವತ್ತು ಸ್ಟೂಲು, ನಾಳೆ ನೀರು ಕುಡಿಯೋಕೂ ಬಿಡಲ್ಲ. ಹೋರಾಟ ಅಂದ್ಮೇಲೆ ಸ್ವಲ್ಪ ನಷ್ಟ ಇದ್ದೇ ಇರುತ್ತೆ."

"ಯಾರ ನಷ್ಟ?" ಪಟಾಕಿ ಎದ್ದು ನಿಂತ. "ನಿಮ್ಮ ಪೆನ್ಶನ್ನು ತಪ್ಪದೆ ಬರುತ್ತೆ. ನಷ್ಟ ಆಗೋದು ಇವರಿಗೆ!"

"ಮೊನ್ನೆ ತನಕ ಸ್ಟೂಲ್ ಮೇಲೆ ಹತ್ತಿ ಕೂಗಿದವನು ನೀನೇ ಅಲ್ವೇನೋ?"

"ನಾನೇ! ನಾನು ಕತ್ತೆ! ಒಪ್ಕೊಂಡೆ! ನೀವೂ ಒಪ್ಕೊಳ್ಳಿ!"

"ನಾನು ಕತ್ತೆ ಅಂತ ಒಪ್ಕೋಬೇಕಾ?" ಮೇಷ್ಟ್ರ ಕೈ ಅಭ್ಯಾಸಬಲದಿಂದ ಮೇಜಿನ ಮೇಲೆ ಏನನ್ನೋ ಹುಡುಕಿತು. ಟೈಲರ್ ತಟ್ಟನೆ ಕತ್ತರಿಯನ್ನು ಆಚೆ ಸರಿಸಿದ.

ಅಕ್ಕ ನಡುವೆ ಬಂದಳು. "ಮೇಷ್ಟ್ರೇ, ನೀವು ಹೇಳೋದು ಸುಳ್ಳಲ್ಲ. ಅವರು ನಾಳೆ ಇನ್ನೊಂದು ಕಿತ್ಕೋತಾರೆ. ಆದ್ರೆ ನೀವು ಬರದೇ ಇದ್ರೆ ನಾವು ಹೊರಗೆ ಬೀಳ್ತೀವಿ. ಹೊರಗೆ ಬಿದ್ದವರಿಗೋಸ್ಕರ ನೀವು ಸ್ಟೂಲು ಗೆದ್ದು ಏನು ಮಾಡ್ತೀರಿ? ಬನ್ನಿ. ಒಳಗೆ ಬನ್ನಿ. ಎಲ್ಲರೂ ಒಟ್ಟಿಗೆ ಬನ್ನಿ. ಆ ಕಣ್ಣಿಗೆ ತಲೆ ತಿರುಗೋ ಅಷ್ಟು ಜನ ಬನ್ನಿ. ಆಗ ಎಲ್ಲ ಕೌಂಟರೂ ತೆಗೀಬೇಕಾಗುತ್ತೆ, ಎಲ್ಲರನ್ನೂ ಕರೀಬೇಕಾಗುತ್ತೆ. ಆಮೇಲೆ ನಾವು ಕೂರೋ ತನಕ ಒಂದು ಕಡ್ಡಿಪೆಟ್ಟಿಗೆಗೂ ದುಡ್ಡು ಕೊಡ್ಬೇಡಿ."

ಮೇಷ್ಟ್ರು ಮೇಜಿನ ಮೇಲಿದ್ದ ಅಳತೆಯ ಟೇಪನ್ನು ಸುತ್ತಿಟ್ಟರು. ಆಮೇಲೆ, "ಸ್ಟೂಲು?" ಎಂದರು.

ಎಲ್ಲರೂ ಪಟಾಕಿಯ ಕಡೆ ನೋಡಿದರು. ಅವನು ನೆಲ ನೋಡಿದ. "ಕತ್ತರಿಸಿಬಿಟ್ಟೆ" ಎಂದ. "ಇದೊಂದು ಬಿಟ್ಟು."

"ಭೇಷ್" ಎಂದರು ಮೇಷ್ಟ್ರು. ಅದೇ ಹಳೆಯ ಕ್ಲಾಸಿನ ದನಿ.

"ಮನೆಯಿಂದ ತನ್ನಿ" ಎಂದಳು ಎರಡ್ಜಡೆ, ಮೊದಲ ಸಲ ಬಾಯಿ ಬಿಟ್ಟು. "ಯಾರ ಮನೇಲಿ ಕೂರೋಕೆ ಒಂದಿಲ್ಲ?"

ಹೊರಡುವಾಗ ಅಕ್ಕ ತಮ್ಮನ ತೋಳು ಹಿಡಿದು ನಿಲ್ಲಿಸಿದಳು. "ನೀನೂ ಬಾ. ಆದ್ರೆ ಬಾಯಿ ಬಿಡೋ ಹಾಗಿಲ್ಲ. ಒಂದಕ್ಷರನೂ. ಒಳಗೆ ಹೆಚ್ಚುಕಮ್ಮಿ ಆದ್ರೆ ಹೋಗೋದು ನನ್ನ ಕೆಲಸ. ಕೂರೋದಾ, ನಿಂತಿರೋದಾ, ನಾನೇ ಹೇಳ್ತೀನಿ."

*

ರಜೆಯ ದಿನ ಬೆಳಿಗ್ಗೆ ದೊಡ್ಡಂಗಡಿಯ ಮುಂದೆ ಮೆರವಣಿಗೆಯೇ ಸೇರಿತು. ಅಡುಗೆಮನೆಯ ಮಣೆ, ಬಚ್ಚಲುಮನೆಯ ಪ್ಲಾಸ್ಟಿಕ್ ಸ್ಟೂಲು, ಕ್ಷೌರದ ಅಂಗಡಿಯ ಬೆಂಚು. ಯಾರೋ ಒಬ್ಬರು ಡ್ರಮ್ಮನ್ನೇ ಉರುಳಿಸಿಕೊಂಡು ಬಂದಿದ್ದರು. ಬಾಗಿಲಲ್ಲಿ ಗಾರ್ಡು ತಡೆದ.

"ಹೊರಗಿನ ಸಾಮಾನು ಒಳಗೆ ಬಿಡಲ್ಲ."

ಎಲ್ಲರಿಗಿಂತ ಮುಂದೆ ಅಮ್ಮ ಇದ್ದಳು, ಕಂಕುಳಲ್ಲಿ ಪುಟ್ಟ ಮರದ ಸ್ಟೂಲು ಇಟ್ಟುಕೊಂಡು. "ವಯಸ್ಸಾದವಳು ಕಣಪ್ಪ, ಸಾಲಲ್ಲಿ ನಿಲ್ಲೋಕಾಗಲ್ಲ. ನೀನು ನಿಲ್ತೀಯ ಇಡೀ ದಿನ?"

"ನಿಲ್ಲದೆ ಏನ್ಮಾಡ್ಲಮ್ಮ?" ಎಂದ ಗಾರ್ಡು.

"ಕಾಲು ನೋಯಲ್ವಾ?"

ಗಾರ್ಡು ಅಮ್ಮನನ್ನು ನೋಡಿದ, ಹಿಂದಿನ ಬೆಂಚನ್ನು ನೋಡಿದ, ಡ್ರಮ್ಮನ್ನು ನೋಡಿದ. ಆಮೇಲೆ ತಿರುಗಿ, ರಸ್ತೆಯಲ್ಲಿ ಏನೋ ಬಹಳ ಮುಖ್ಯವಾದದ್ದು ಇದೆ ಅನ್ನುವಂತೆ ಆ ಕಡೆ ನೋಡುತ್ತ ನಿಂತುಬಿಟ್ಟ.

ಜನ ಒಳಗೆ ನುಗ್ಗಿದರು. ಬಾಗಿಲ ಮೇಲಿನ ಕಣ್ಣು ಎಣಿಸುತ್ತ ಹೋಯಿತು. ಮ್ಯಾನೇಜರನ ಫೋನು ಟಣ್ ಟಣ್ ಎನ್ನತೊಡಗಿತು. ಅವನಿಗೆ ಹುಡುಗಿಯರು ಇಸ್ತ್ರಿ ಅಂತ ಹೆಸರಿಟ್ಟಿದ್ದರು, ಕೂತರೆ ಪ್ಯಾಂಟು ಸುಕ್ಕಾಗುತ್ತದೆ ಅನ್ನುವ ಹಾಗೆ ನಡೆಯುತ್ತಿದ್ದದ್ದಕ್ಕೆ. ಕೌಂಟರ್ ತೆಗಿ. ಇನ್ನೊಂದು ತೆಗಿ. ಇನ್ನೂ ಒಂದು ತೆಗಿ. ಮನೆಗೆ ಕಳಿಸಿದ್ದವರಿಗೆಲ್ಲ ಫೋನು ಹೋಯಿತು. ಅವರು ಗೇಟಿನ ಆಚೆ ಟೀ ಕುಡಿಯುತ್ತ ಕಾಯುತ್ತಿದ್ದರು. ಓಡಿ ಬಂದರು.

ಟ್ರಾಲಿಗಳು ತುಂಬಿದವು. ಸಾಲುಗಳು ಅಕ್ಕಿಯ ಮೂಟೆಗಳನ್ನು ದಾಟಿ, ಫ್ರಿಜ್ಜುಗಳನ್ನು ದಾಟಿ, ಹಿಂದಿನ ಗೋಡೆ ಮುಟ್ಟಿದವು. ಅಕ್ಕನ ಕೌಂಟರಿನಲ್ಲಿ ಮೊದಲು ಅಮ್ಮ. ಅಮ್ಮನ ಹಿಂದೆ ಪಟಾಕಿ, ಕೈಯಲ್ಲಿ ನೀಲಿ ಚೌಕಳಿ ಸ್ಟೂಲು. ಅವನು ಅದನ್ನು ಕೌಂಟರಿನ ಮೇಲಿಂದ ದಾಟಿಸಿ ಅಕ್ಕನ ಹಿಂದೆ ಇಟ್ಟ. ಬಾಯಿ ಬಿಡಲಿಲ್ಲ.

ಅಕ್ಕ ಅಮ್ಮನ ಸೋಪು ಎತ್ತಿಕೊಂಡಳು. ಅಮ್ಮ ಅದನ್ನು ಕಿತ್ತುಕೊಂಡಳು.

"ಕೂತ್ಕೋ, ಆಮೇಲೆ ಬಿಲ್ಲು."

ಪಕ್ಕದ ಸಾಲಿನಲ್ಲಿ ಟೈಲರ್. "ಕೂತ್ಕೋಮ್ಮ, ಆಮೇಲೆ ಬಿಲ್ಲು." ಅದರಾಚೆ ಮೇಷ್ಟ್ರು, ದೊಡ್ಡಂಗಡಿಯೊಳಗೆ ಜನ್ಮದಲ್ಲಿ ಮೊದಲ ಸಲ ಕಾಲಿಟ್ಟವರು, ಕೈಯಲ್ಲಿ ಒಂದು ಪೆನ್ನಿನ ಪ್ಯಾಕೆಟ್ಟು ಹಿಡಿದುಕೊಂಡು. "ಕೂತ್ಕೊಳ್ಳಮ್ಮ." ಮಾತು ಹಿಂದಿನ ಗೋಡೆಯ ತನಕ ಹೋಗಿ ವಾಪಸ್ ಬಂತು.

ಇಸ್ತ್ರಿ ಓಡಿ ಬಂದ. "ಯಾರೂ ಕೂರೋ ಹಾಗಿಲ್ಲ! ಮೊದಲು ಕೂತವಳು ನಾಳೆಯಿಂದ ಬರೋದು ಬೇಡ!"

ಬೀಪ್ ಅನ್ನುವ ಒಂದು ಸದ್ದೂ ಇಲ್ಲ. ಮೇಲೆ ಆ ನಿದ್ದೆಗಣ್ಣಿನ ಸಂಗೀತ ಮಾತ್ರ. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿದರು. ಎರಡ್ಜಡೆಯ ಮುಂದೆ ಪ್ಲಾಸ್ಟಿಕ್ ಸ್ಟೂಲು ಬಂದು ನಿಂತಿತ್ತು, ಅವಳು ಅದರ ಕಡೆ ನೋಡಲೂ ಇಲ್ಲ.

ಪಟಾಕಿಯ ನಾಲಿಗೆ ಹಲ್ಲಿನ ಹಿಂದೆ ಕುದಿಯುತ್ತಿತ್ತು. ಇಸ್ತ್ರಿಯ ಕಾಲರ್ ಕೈಗೆಟಕುವಷ್ಟು ಹತ್ತಿರವಿತ್ತು. ಬೈಗುಳ ಒಂದೊಂದಾಗಿ ಗಂಟಲಿಗೆ ಬಂದವು, ಒಂದೊಂದನ್ನೂ ನುಂಗಿದ. ಕಾದ ಕಬ್ಬಿಣ ನುಂಗಿದ ಹಾಗಾಯಿತು.

ಅಮ್ಮ ತನ್ನ ಪುಟ್ಟ ಸ್ಟೂಲನ್ನು ಕೌಂಟರಿನ ಮುಂದೆ ಇಟ್ಟು ಕೂತೇಬಿಟ್ಟಳು. "ನಂಗೇನೂ ಅವಸರ ಇಲ್ಲಪ್ಪ."

ಹೊತ್ತು ಹೋಯಿತು. ಟ್ರಾಲಿಗಳಿಂದ ಐಸ್‌ಕ್ರೀಮು ಕರಗಿ ನೆಲಕ್ಕೆ ತೊಟ್ಟಿಕ್ಕತೊಡಗಿತು. ಇಸ್ತ್ರಿಯ ಫೋನು ಬಡಿದುಕೊಳ್ಳುತ್ತಲೇ ಇತ್ತು. ಮಶೀನು ಹೇಳುತ್ತಿತ್ತು, ಒಳಗೆ ಇಷ್ಟು ಜನ ಇದ್ದಾರೆ, ಇನ್ನೂ ಕೌಂಟರ್ ತೆಗಿ. ಮೇಲಿನ ಆಫೀಸು ಕೇಳುತ್ತಿತ್ತು, ಇಷ್ಟು ಜನ ಇದ್ದರೂ ಬಿಲ್ ಯಾಕಿಲ್ಲ. ಅವನು "ಸಾರ್, ಸಾರ್" ಎನ್ನುತ್ತ ಅತ್ತಿಂದಿತ್ತ ನಡೆದ. ಐಸ್‌ಕ್ರೀಮಿನ ಮೇಲೆ ಜಾರಿ ರ‍್ಯಾಕು ಹಿಡಿದುಕೊಂಡ. ಯಾರೂ ನಗಲಿಲ್ಲ. ಅವನೂ ಬೆಳಿಗ್ಗೆಯಿಂದ ನಿಂತೇ ಇದ್ದ.

"ಸಾರ್" ಎಂದಳು ಅಕ್ಕ. "ಬಿಲ್ ಹಾಕ್ಲಾ, ಬೇಡ್ವಾ?"

ಇಸ್ತ್ರಿ ಅವಳನ್ನು ನೋಡಿದ. ಆಮೇಲೆ ಬಡಿದುಕೊಳ್ಳುತ್ತಿದ್ದ ಫೋನಿನ ಕಡೆ ನೋಡಿದ.

ಅಕ್ಕ ಗವಸಿನ ಮೇಲಿನ ಧೂಳನ್ನು ಕೈಯಿಂದ ಒಮ್ಮೆ ಒರೆಸಿ, ಕೂತಳು. ಅಷ್ಟೇ. ಬೆನ್ನು ನೇರ ಮಾಡಿಕೊಂಡು ಕೂತಳು. ಅಮ್ಮನ ಸೋಪು ಎತ್ತಿಕೊಂಡಳು. ಬೀಪ್.

ಮರುಕ್ಷಣ ಎಲ್ಲ ಕಡೆ ಕೂರುವ ಸದ್ದು. ಮಣೆ, ಬೆಂಚು, ಡ್ರಮ್ಮು. ಬೀಪ್, ಬೀಪ್, ಬೀಪ್. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು, ಅದರಲ್ಲಿ ಕೊಳೆಯೇನೂ ಇರಲಿಲ್ಲ.

ಸಂಜೆ ಹೊತ್ತಿಗೆ ಮೇಲಿನ ಆಫೀಸಿನಿಂದ ಮಾತು ಬಂತು. ಸದ್ಯಕ್ಕೆ ಸ್ಟೂಲು ಇರಲಿ. ಮೊದಲು ಕೂತವಳು ಮಾತ್ರ ನಾಳೆಯಿಂದ ಬರೋದು ಬೇಡ.

*

"ಸುಟ್ಟುಹಾಕ್ತೀನಿ" ಎಂದ ಪಟಾಕಿ. ಮನೆಯೊಳಗೆ ಬೋನಿನ ಹುಲಿಯ ಹಾಗೆ ತಿರುಗುತ್ತಿದ್ದ. "ನೀನು ಕೂತಿದ್ದಕ್ಕೆ ತಾನೇ ಉಳಿದವರೆಲ್ಲ ಕೂತಿದ್ದು? ಅವರು ಹಾಯಾಗಿ ಕೂತಿದ್ದಾರೆ, ನೀನು ಮನೇಲಿ! ಆ ಎರಡ್ಜಡೆ ಒಂದು ಮಾತಾದ್ರೂ ಆಡಿದ್ಲಾ?"

"ಅವಳಿಗೂ ಮನೆಯಿದೆ" ಎಂದಳು ಅಕ್ಕ. ಅವಳ ಕಣ್ಣು ಕೆಂಪಾಗಿತ್ತು. ಯೂನಿಫಾರ್ಮನ್ನು ಮಡಚಿ, ಬಿಚ್ಚಿ, ಮತ್ತೆ ಮಡಚುತ್ತಿದ್ದಳು. "ನಂಗೂ ಉರೀತಿದೆ ಕಣೋ. ನಿನ್ನ ಹಾಗೆ ಹೊಗೆ ಬರಲ್ಲ, ಅಷ್ಟೇ."

"ಇನ್ನು ಆ ಅಂಗಡಿ ಹೊಸ್ತಿಲು ತುಳಿಯಲ್ಲ ನಾನು."

"ತುಳೀತೀಯ" ಎಂದಳು ಅಕ್ಕ. "ಬೆಳಿಗ್ಗೆ. ನನ್ನ ಜೊತೆ. ಸೋಪು ತರೋಕೆ."

ಬೆಳಿಗ್ಗೆ ಹೋದರು. ಅಕ್ಕ, ಅಮ್ಮ, ಪಟಾಕಿ. ದಾರಿಯಲ್ಲಿ ಟೈಲರ್ ಸೇರಿಕೊಂಡ, ಮೇಷ್ಟ್ರು ಸೇರಿಕೊಂಡರು. ಕ್ಷೌರದವನು ಕತ್ತರಿ ಜೇಬಿಗೆ ಹಾಕಿಕೊಂಡೇ ಬಂದ. ಯಾರೂ ಕರೆದಿರಲಿಲ್ಲ. ಬಾಗಿಲಲ್ಲಿ ಗಾರ್ಡು ಅಕ್ಕನನ್ನು ನೋಡಿ ಟೋಪಿ ತೆಗೆದ. ಅವನ ಹಿಂದೆ ಗೋಡೆಗೆ ಒರಗಿಸಿದ್ದ ಒಂದು ಮುರುಕು ಕುರ್ಚಿ ಇತ್ತು.

ಅಕ್ಕನ ಕೌಂಟರಿನಲ್ಲಿ ಈಗ ಎರಡ್ಜಡೆ. ನೀಲಿ ಚೌಕಳಿ ಸ್ಟೂಲಿನ ಮೇಲೆ ಕೂತಿದ್ದಳು. ಅಕ್ಕ ಒಂದು ಸೋಪು ಹಿಡಿದು ಸಾಲಿನಲ್ಲಿ ನಿಂತಳು. ಗಿರಾಕಿಯ ಹಾಗೆ, ಕೌಂಟರಿನ ಈಚೆ. ಅವಳ ಸರದಿ ಬಂದಾಗ ಎರಡ್ಜಡೆ ತಲೆಯೆತ್ತಿದಳು, ತಟ್ಟನೆ ಎದ್ದು ನಿಂತಳು.

"ಏಳ್ಬೇಡ" ಎಂದಳು ಅಕ್ಕ. "ಕೂತ್ಕೋ. ನೀನು ಕೂತಿರ್ಲಿ ಅಂತಾನೇ ನನ್ನ ಕೆಲಸ ಹೋಗಿದ್ದು."

ಎರಡ್ಜಡೆ ಕೂತಳು. ಆಚೆ ಕಂಬದ ಬಳಿ ಇಸ್ತ್ರಿ ಎರಡೂ ಕೈ ಹಿಂದೆ ಕಟ್ಟಿಕೊಂಡು ನೋಡುತ್ತಿದ್ದ. ಸಾಲು ಹಿಂದೆ ಬೆಳೆಯುತ್ತಿತ್ತು.

ಪಟಾಕಿ ಅಕ್ಕನ ಕಿವಿಯ ಬಳಿ ಬಗ್ಗಿದ. ಅವನ ಉಸಿರು ಬಿಸಿಯಾಗಿತ್ತು. "ಅಕ್ಕಾ, ಇನ್ನಾದ್ರೂ ಬಾಯಿ ಬಿಡ್ಲಾ?"

"ನನ್ನನ್ನ ಯಾಕೆ ಕೇಳ್ತೀಯ?" ಎಂದಳು ಅಕ್ಕ. "ನಾನು ಈಗ ಈಚೆ ಇರೋಳು. ಈಗ ಹೋದ್ರೆ ಹೋಗೋದು ಅವಳ ಕೆಲಸ. ಅವಳನ್ನ ಕೇಳು."

ಪಟಾಕಿ ಎರಡ್ಜಡೆಯ ಕಡೆ ತಿರುಗಿದ. ಹಾಗೆ ಮೆಲ್ಲಗೆ ಮಾತಾಡಿ ಅವನಿಗೆ ಅಭ್ಯಾಸ ಇರಲಿಲ್ಲ. ದನಿ ಒಡೆಯಿತು.

"ನನ್ನ ಅಕ್ಕನ ಕೆಲಸ ವಾಪಸ್ ಕೊಡೋ ತನಕ ಇಲ್ಲಿ ಯಾರೂ ಬಿಲ್ ಹಾಕಿಸಬೇಡಿ ಅಂತ ಕೂಗಬೇಕು ನಾನು. ಕೂಗಿದ್ರೆ ನಿಂಗೂ ತೊಂದರೆ ಆಗಬಹುದು. ಕೂಗ್ಲಾ?"

ಎರಡ್ಜಡೆ ಇಸ್ತ್ರಿಯ ಕಡೆ ನೋಡಿದಳು. ಪಕ್ಕದ ಕೌಂಟರುಗಳ ಕಡೆ ನೋಡಿದಳು. ಅಲ್ಲಿ ಮಣೆಯ ಮೇಲೆ, ಬೆಂಚಿನ ಮೇಲೆ ಕೂತವರೆಲ್ಲ ಕೆಲಸ ನಿಲ್ಲಿಸಿ ಇವಳನ್ನೇ ನೋಡುತ್ತಿದ್ದರು. ಅವಳು ಅಕ್ಕನ ಸೋಪನ್ನು ಮಶೀನಿನಿಂದ ದೂರ ಸರಿಸಿದಳು. ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡಳು.

"ಕೂಗು" ಎಂದಳು.

ಪಟಾಕಿ ಎದೆ ತುಂಬ ಉಸಿರೆಳೆದುಕೊಂಡ.